ನೀರು ತಿಳಿಯಾಗುವವರೆಗೆ

ಫೆಬ್ರವರಿ 9

ಚಿರಂಜೀವಿ ಪುಟ್ಟಿಗೆ ಅತ್ತಿಗೆಯ ಆಶೀರ್ವಾದ.

ಇವತ್ತು ನನ್ನ ಉಪವಾಸ. ಎದ್ದು ನೀರು ತುಂಬಿಸಿ, ನೆಲ ಒರೆಸಿ, ನಿಮ್ಮಣ್ಣನಿಗೆ ಬುತ್ತಿ ಕಟ್ಟಿ ಮರಗೆಲಸಕ್ಕೆ ಕಳಿಸಿ, ಒಗೆದ ಬಟ್ಟೆ ಹರವಿ, ದೇವರ ಮುಂದೆ ಕೂತು ಎದ್ದಿದ್ದೇನೆ. ನನ್ನ ಒಬ್ಬಳ ಹೊಟ್ಟೆಯ ಗೊಡವೆ ಇಲ್ಲದಿದ್ದರೆ ಎಷ್ಟೊಂದು ಹೊತ್ತು ಉಳಿಯುತ್ತದೆ ನೋಡು. ಆ ಹೊತ್ತಿನಲ್ಲಿ ಈ ಕಾಗದ. ಫೋನು ಮಾಡಬಾರದೇ ಅಂತ ನೀನು ಬೈಯುತ್ತೀಯ. ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ನಾನು ಹೂಂಗುಟ್ಟಿಬಿಡುತ್ತೇನೆ. ಇಟ್ಟ ಮೇಲೆ ನಿಮ್ಮಣ್ಣ “ಏನಂದ್ಳು?” ಅಂತ ಕೇಳಿದರೆ ಬಾಯಿ ಬಾಯಿ ಬಿಡುತ್ತೇನೆ. ಕಾಗದವಾದರೆ ತಿಳಿಯದ್ದನ್ನು ಮತ್ತೊಮ್ಮೆ ಓದಬಹುದು.

ನೀನು ಹೇಳಿದ ಕಾಲುಹುಣ್ಣಿನ ಆಸ್ಪತ್ರೆಗೆ ಹೋಗಿ ಬಂದೆ. ನಿಮ್ಮ ಲ್ಯಾಬಿನವರು ಕಳಿಸಿದ ಹೊಸ ಪ್ಯಾಡನ್ನು ಅಲ್ಲಿ ಪರೀಕ್ಷೆ ಮಾಡುತ್ತಿರುವುದು ನಿಜ, ನನ್ನನ್ನೂ ಸೇರಿಸಿಕೊಂಡರು. ವರ್ಷಗಟ್ಟಲೆ ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಕಾಲಿನ ನರ ಸೋತಿದೆ, ನಿಂತು ಬಂದದ್ದು ಕೂತರೆ ಹೋಗುವುದಿಲ್ಲ ಅಂದರು ಡಾಕ್ಟರು.

ನಿನ್ನ ಹತ್ತಿರ ಮುಚ್ಚಿಡುವುದೇನು, ಹುಣ್ಣಿಗಿಂತ ಅದರ ವಾಸನೆ ನನ್ನನ್ನು ಹೆಚ್ಚು ತಿಂದಿದೆ. ಪ್ರಾರ್ಥನಾ ಮಂದಿರದಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು ನಾನು. ಒಂದು ದಿನ ಪಕ್ಕದಾಕೆ ಕರವಸ್ತ್ರ ಮೂಗಿಗೆ ಹಿಡಿದು ಕೆಮ್ಮು ಬಂದವಳ ಹಾಗೆ ಮಾಡಿದಳು. ಮಾರನೆಯ ವಾರ ಅವಳ ಚಾಪೆ ದೂರ ಹೋಗಿತ್ತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ಎರಡು ಮಾತು ಆಡಬಹುದಿತ್ತು. ಈಗ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂರುತ್ತೇನೆ. ದೇವರಿಗೆ ಅಲ್ಲಿಂದಲೂ ಕೇಳಿಸುತ್ತದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ಇದ್ದಾಳೆ. ಅವಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಎಲ್ಲರೂ ಪಟಪಟಿ ಅಂತಲೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ನನ್ನ ಕಟ್ಟು ಬಿಚ್ಚುವಾಗ ನಾನು ನಾಚಿಕೆಯಿಂದ ಮುಖ ಆ ಕಡೆ ಮಾಡಿಕೊಂಡೆ. ಅವಳು ಹುಣ್ಣಿನ ಹತ್ತಿರಕ್ಕೇ ಬಗ್ಗಿ, “ಯಾಕಮ್ಮಾ, ನಿಮ್ ಕಾಲು ನೋಡಿ ನೀವೇ ಮುಖ ತಿರುಗಿಸಿದ್ರೆ ಅದಕ್ಕೆ ಬೇಜಾರಾಗಲ್ವಾ?” ಅಂದಳು. ಲಾಂಡ್ರಿಯವಳು ಅಂತ ತಿಳಿದ ಮೇಲೆ, “ಬನ್ನಿ ಇಸ್ತ್ರಿ ಅಮ್ಮ, ನಿಮ್ ಗಾಯಕ್ಕೂ ಒಂದು ಇಸ್ತ್ರಿ ಹೊಡೆದುಬಿಡೋಣ” ಅಂತ ಕೆಂಪು ದೀಪದ ಕೋಣೆ ತೋರಿಸಿದಳು. ನಿನ್ನನ್ನು ಬಿಟ್ಟರೆ ಮೂಗು ಮುಚ್ಚದೆ ನನ್ನ ಕಾಲು ಮುಟ್ಟಿದವಳು ಇವಳೇ.

ಒಂದು ಮಾತು ಕೇಳಬೇಕು. ನೀನು ಮಾಡುವ ಆ ಪ್ಯಾಡು ಯಾವುದರದ್ದು? ಯಾವುದಾದರೂ ಪ್ರಾಣಿಯದ್ದೇ? ಉಪವಾಸದ ದಿನ ಮೈಗೆ ತಾಗಬಹುದೇ? ನಿಮ್ಮಣ್ಣ ಕೇಳಿ ನಗುತ್ತಿದ್ದಾರೆ. ನಗಲಿ. ನೀನು ಬರೆ.

ನಿನ್ನ ಅತ್ತಿಗೆ


ಫೆಬ್ರವರಿ 20

ಅತ್ತಿಗೆಗೆ ನಮಸ್ಕಾರಗಳು.

ಅದು ಕಡಲ ಪಾಚಿಯಿಂದ ತೆಗೆದ ಅಂಟು, ನಾವು ಜೆಲ್ ಅನ್ನುತ್ತೇವೆ. ಪ್ರಾಣಿಯದ್ದಲ್ಲ. ತಿನ್ನದಿದ್ದರೆ ಉಪವಾಸ ಮುರಿಯುವುದಿಲ್ಲ, ಆದ್ದರಿಂದ ದಯವಿಟ್ಟು ತಿನ್ನಬೇಡಿ. ಅಣ್ಣನಿಗೆ ಹೇಳಿ, ಅವರ ಮರದ ಗೋಂದಿಗಿಂತ ನನ್ನ ಅಂಟು ಮೇಲು ಅಂತ.

ಹೇಗೆ ಮಾಡುತ್ತೇವೆ ಅಂತ ಬರೆಯುತ್ತೇನೆ, ತಿಳಿಯದಿದ್ದರೆ ಎರಡು ಸಲ ಓದಿ. ಆ ಅಂಟನ್ನು ನೀರಿನಲ್ಲಿ ಕಲಸಿ ಗಟ್ಟಿಯಾಗಿಸಿ, ಆಮೇಲೆ ಹೆಪ್ಪುಗಟ್ಟಿಸುತ್ತೇವೆ. ಒಳಗೆಲ್ಲ ಮಂಜಿನ ಹರಳು ಕೂರುತ್ತದೆ. ಗಾಳಿ ಎಳೆದ ಪೆಟ್ಟಿಗೆಯಲ್ಲಿಟ್ಟು ಆ ಹರಳು ನೀರಾಗಲು ಬಿಡದೆ ಹಾಗೆಯೇ ಆವಿಯಾಗಿ ಹಾರಿಸುತ್ತೇವೆ. ಹರಳಿದ್ದ ಜಾಗವೆಲ್ಲ ತೂತಾಗಿ ಉಳಿಯುತ್ತದೆ. ಆ ತೂತುಗಳಲ್ಲಿ ನೀಲಿ ಬಣ್ಣ ತುಂಬಿಸುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳ ಒಂದು ವಠಾರ ಅಂದುಕೊಳ್ಳಿ. ಪ್ರತಿ ಕೋಣೆಯಿಂದಲೂ ಬಣ್ಣ ನಿಧಾನವಾಗಿ ಹೊರಟು ಹುಣ್ಣಿಗೆ ಇಳಿಯಬೇಕು. ‘ನಿಧಾನವಾಗಿ’ ಅನ್ನುವ ಒಂದು ಮಾತಿನಲ್ಲೇ ನನ್ನ ಇಷ್ಟು ವರ್ಷ ಹೋಯಿತು.

ಬಣ್ಣ ತಾನಾಗಿ ಹೆಚ್ಚೇನೂ ಮಾಡುವುದಿಲ್ಲ. ಅದರ ಮೇಲೆ ಕೆಂಪು ಬೆಳಕು ಬಿದ್ದಾಗ ಎಚ್ಚರವಾಗುತ್ತದೆ, ಸುತ್ತಲಿನ ಗಾಳಿಯ ಆಮ್ಲಜನಕವನ್ನು ಕೆರಳಿಸಿ ಹುಣ್ಣಿನ ಕ್ರಿಮಿಗಳನ್ನು ಕೊಲ್ಲುತ್ತದೆ. ಹುಣ್ಣಿನಲ್ಲಿ ಬಣ್ಣವಿಲ್ಲದಿದ್ದರೆ ದೀಪ ಬರೀ ದೀಪ.

ಹಾಗಾಗಿ ವಾರವಾರ ದೀಪದ ದಿನ ಬೆಳಿಗ್ಗೆ, ಸಿಸ್ಟರ್ ಕೊಟ್ಟು ಕಳಿಸಿದ ಪ್ಯಾಡನ್ನು ಮನೆಯಲ್ಲೇ ಇಟ್ಟು, ಮೇಲೆ ಕರಿ ಬಟ್ಟೆ ಸುತ್ತಿ, ಮಧ್ಯಾಹ್ನ ಆಸ್ಪತ್ರೆಗೆ ಹೋಗುವವರೆಗೆ ಬಿಚ್ಚಬಾರದು. ಮೊದಲೇ ಬೆಳಕು ತಾಗಿದರೆ ಬಣ್ಣ ಸಾಯುತ್ತದೆ. ಬಳಸಿದ ಪ್ಯಾಡುಗಳು ನನ್ನ ಮೇಜಿಗೇ ವಾಪಸು ಬರುತ್ತವೆ, ಎಷ್ಟು ಬಣ್ಣ ಉಳಿದಿದೆ ಅಂತ ಅಳೆಯುತ್ತೇನೆ. ಯಾವ ಆಸ್ಪತ್ರೆಯದ್ದು ಅಂತ ಮಾತ್ರ ಗುರುತಿರುತ್ತದೆ, ಯಾರದ್ದು ಅಂತ ಇರುವುದಿಲ್ಲ. ಆದರೂ ನಿಮ್ಮ ಊರಿನ ಡಬ್ಬಿ ಬಂದಾಗ, ಇದರಲ್ಲಿ ನಮ್ಮ ಅತ್ತಿಗೆಯ ಕಾಲಿದೆ ಅಂದುಕೊಳ್ಳುತ್ತೇನೆ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವರು ನೀವು. ನಿಮ್ಮ ಕಾಲಾದರೂ ನನ್ನಿಂದ ವಾಸಿಯಾಗಲಿ.

ನಿಮ್ಮ ಪುಟ್ಟಿ


ಏಪ್ರಿಲ್ 2

ಪುಟ್ಟಿಗೆ ಆಶೀರ್ವಾದ.

ಹೊಗಳಿಕೆಯೆಲ್ಲ ಸಾಕು. ನಿನ್ನ ತಲೆ ಬಾಚುವಾಗ ನೀನು ಕಿರುಚಿದ ಕಿರುಚಾಟಕ್ಕೆ ಬೀದಿಯವರೆಲ್ಲ ನಾನು ನಿನ್ನನ್ನು ಹೊಡೆಯುತ್ತೇನೆ ಅಂದುಕೊಂಡಿದ್ದರು, ಅದನ್ನೂ ಬರೆಯಬೇಕಿತ್ತು.

ದೀಪದ ಕೋಣೆಯ ಹೊರಗೆ ಬೆಂಚಿನ ಮೇಲೆ ನಾವು ಸಾಲಾಗಿ ಕಾಯುತ್ತೇವೆ. ನಾನು, ಸೊಪ್ಪು ಮಾರುವವಳು, ಟೈಲರ್ ಅಜ್ಜಿ, ಇನ್ನೂ ಕೆಲವರು. ಎಲ್ಲರೂ ನಿಂತೋ ತುಳಿದೋ ದುಡಿದವರು. ಹೋದ ವಾರ ಸೊಪ್ಪಿನವಳು, “ಏನ್ ಸಿಸ್ಟರ್, ಕಾಲು ವಾಸಿಯಾಗೋಕೆ ಮುಂಚೆ ನಾನೇ ನೀಲಿಯಾಗ್ತೀನಿ, ನನ್ ಗಂಡ ಗುರುತೇ ಹಿಡಿಯಲ್ಲ” ಅಂದಳು. ಪಟಪಟಿ ಬಿಡುತ್ತಾಳೆಯೇ? “ಒಳ್ಳೇದೇ ಆಯ್ತಲ್ಲ! ಯಾರೋ ಹೊಸಬಳು ಅಂತ ಎರಡು ದಿನ ಚೆನ್ನಾಗಿ ನೋಡ್ಕೋತಾನೆ.” ಟೈಲರ್ ಅಜ್ಜಿ ನಕ್ಕು ನಕ್ಕು ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡರು.

ಆದರೆ ಪುಟ್ಟಿ, ನಿನ್ನ ನೀಲಿ ಬಹಳ ಹಟಮಾರಿ. ದೀಪದ ದಿನವೇ ಮಂದಿರದಲ್ಲಿ ನಡುಹಗಲಿನ ಪ್ರಾರ್ಥನೆ ಇರುತ್ತದೆ. ಮೊದಲ ವಾರ ಕಟ್ಟಿನಿಂದ ಜಿನುಗಿ, ನಾನು ನಡೆದಲ್ಲೆಲ್ಲ ಬಿಳಿ ಕಲ್ಲಿನ ಮೇಲೆ ನೀಲಿ ಹೆಜ್ಜೆ ಮೂಡಿತು. ಮಂದಿರ ಗುಡಿಸುವಾಕೆ ಬಕೆಟ್ಟು ತಂದು ನನ್ನ ಹಿಂದೆಯೇ ಒರೆಸುತ್ತ ಬಂದಳು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು, ಆದರೂ ಎಲ್ಲರೂ ಕಂಡರು.

ಈಗ ಆ ತೊಂದರೆ ಇಲ್ಲ. ಹೇಗೆ ಅಂತ ಕೇಳಬೇಡ. ಕಲೆಗಳ ಜೊತೆಗೇ ಬಾಳುವೆ ಮಾಡಿದವಳು ನಾನು, ಆ ವಿಷಯ ನನಗೆ ಬಿಡು. ಬೆಂಚಿನವರಿಗೂ ಹೇಳಿಕೊಟ್ಟಿದ್ದೇನೆ. ಚಾಪೆಯನ್ನು ಮತ್ತೆ ಒಳಗೆ ಹಾಕುತ್ತಿದ್ದೇನೆ, ಮೂರನೆಯ ಸಾಲಿಗೆ ಬಂದಿದ್ದೇನೆ.

ಮೊನ್ನೆ ಪಟಪಟಿ ನನ್ನ ಪ್ಯಾಡು ತೆಗೆದು, ಅದು ಬೆಳ್ಳಗಿರುವುದನ್ನು ಕಂಡು, “ನೋಡ್ರೀ ಇಸ್ತ್ರಿ ಅಮ್ಮನ ಕಾಲು! ಒಂದು ತೊಟ್ಟೂ ಬಿಡದೆ ಕುಡಿದುಬಿಟ್ಟಿದೆ” ಅಂತ ಎಲ್ಲರಿಗೂ ಎತ್ತಿ ತೋರಿಸಿದಳು. ನಾನೂ ನಕ್ಕೆ.

ಹುಣ್ಣು ಹಾಗೇ ಇದೆ. ಅವಸರವಿಲ್ಲ.

ನಿನ್ನ ಅತ್ತಿಗೆ


ಮೇ 11

ಅತ್ತಿಗೆ,

ಚಿಕ್ಕ ಕಾಗದ, ಕ್ಷಮಿಸಿ. ಇಲ್ಲಿ ನನ್ನ ತಲೆಯ ಮೇಲೆ ಕತ್ತಿ ತೂಗುತ್ತಿದೆ.

ಬೇರೆ ಊರುಗಳಲ್ಲಿ ನಮ್ಮ ಪ್ಯಾಡು ಕಟ್ಟಿದ ಹುಣ್ಣುಗಳು ಕೂಡಿಕೊಳ್ಳುತ್ತಿವೆ. ನಿಮ್ಮ ಆಸ್ಪತ್ರೆಯಲ್ಲಿ ಮಾತ್ರ ಹೆಚ್ಚು ಜನರದ್ದು ಇದ್ದ ಹಾಗೇ ಇದೆ. ಅಲ್ಲಿಂದ ವಾಪಸು ಬರುವ ಪ್ಯಾಡುಗಳೂ ಬಿಳುಚಿಕೊಂಡಿರುತ್ತವೆ, ಬಣ್ಣವೇ ಇರುವುದಿಲ್ಲ. ನಮ್ಮ ಮೇಲಿನವರು, ನಿನ್ನ ಜೆಲ್ಲೇ ಸರಿಯಿಲ್ಲ, ಬಣ್ಣವನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕಿಲ್ಲ ಅನ್ನುತ್ತಿದ್ದಾರೆ. ಹಾಗೆ ತೀರ್ಮಾನವಾದರೆ ಈ ಕೆಲಸವನ್ನೇ ನಿಲ್ಲಿಸುತ್ತಾರೆ.

ಇನ್ನೊಂದು ಕಾರಣವೂ ಇರಬಹುದು. ಕಟ್ಟುವ ಮೊದಲೇ ಪ್ಯಾಡುಗಳಿಗೆ ಬೆಳಕು ತಾಗಿರಬಹುದು. ನೀವು ವಾರವಾರ ಅಲ್ಲಿ ಕೂತಿರುತ್ತೀರಿ. ಆ ಸಿಸ್ಟರ್ ಪ್ಯಾಡಿನ ಪೆಟ್ಟಿಗೆಯನ್ನು ಎಲ್ಲಿಡುತ್ತಾರೆ? ಕಿಟಕಿಯ ಹತ್ತಿರವೇ? ಮುಚ್ಚಳ ಹಾಕಿರುತ್ತಾರೆಯೇ? ಕಣ್ಣಾರೆ ಕಂಡದ್ದನ್ನು ಬೇಗ ಬರೆಯಿರಿ.

ಪುಟ್ಟಿ


ಮೇ 19

ಪುಟ್ಟಿಗೆ ಆಶೀರ್ವಾದ.

ನಿನ್ನ ಕೆಲಸ ನಿಲ್ಲಬಾರದು. ದೇವರಲ್ಲಿ ಕೇಳಿಕೊಂಡಿದ್ದೇನೆ.

ಪೆಟ್ಟಿಗೆ ಕಿಟಕಿಯ ಪಕ್ಕದ ಮೇಜಿನ ಮೇಲಿರುತ್ತದೆ. ಒಂದು ಸಲ ಮುಚ್ಚಳ ತೆರೆದಿದ್ದದ್ದನ್ನು ನೋಡಿದ್ದೇನೆ.

ನೀರು ತಾಗಿದರೂ ಆ ಬಣ್ಣ ಹೋಗುತ್ತದೆಯೇ? ಸುಮ್ಮನೆ ಕೇಳಿದೆ.

ಕಾಲು ಸ್ವಲ್ಪ ಊದಿದೆ. ಬೇರೆ ಏನೂ ಇಲ್ಲ.

ಅತ್ತಿಗೆ


ಜೂನ್ 8

ಪ್ರೀತಿಯ ಅತ್ತಿಗೆ,

ಬದುಕಿಕೊಂಡೆ! ನಿಮ್ಮ ಕಾಗದದ ಧೈರ್ಯದ ಮೇಲೆ, ಪ್ಯಾಡುಗಳಿಗೆ ಆಸ್ಪತ್ರೆಯಲ್ಲಿ ಬೆಳಕು ತಾಗಿದೆ ಅಂತ ವರದಿ ಬರೆದುಕೊಟ್ಟೆ. ನಮ್ಮ ಲ್ಯಾಬಿನವರು ಹೋಗಿ ನೋಡಿದಾಗ ಪೆಟ್ಟಿಗೆ ಕಿಟಕಿಯ ಪಕ್ಕದಲ್ಲೇ ಇತ್ತಂತೆ. ಜೆಲ್ಲಿನ ಮೇಲೆ ಈಗ ಯಾರದೂ ತಕರಾರಿಲ್ಲ. ನಮ್ಮ ಮೇಲಿನವರು ಮೊದಲ ಸಲ ನನ್ನ ಭುಜ ತಟ್ಟಿದರು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಇನ್ನು ಮೇಲೆ ಪೆಟ್ಟಿಗೆಗೆ ಬೀಗ ಹಾಕುತ್ತಾರೆ. ನಿಮ್ಮ ಹುಣ್ಣೂ ಬೇಗ ಕೂಡಿಕೊಳ್ಳುತ್ತದೆ ನೋಡುತ್ತಿರಿ.

ನೀರಿನ ಮಾತು ಕೇಳಿದ್ದಿರಿ. ಅದಕ್ಕೆ ಬಿಡುವಾದಾಗ ಬರೆಯುತ್ತೇನೆ.

ನಿಮ್ಮ ಪುಟ್ಟಿ


ಜುಲೈ 3

ಪುಟ್ಟಿ,

ಇವತ್ತು ಉಪವಾಸವಲ್ಲ, ಆದರೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಿಮ್ಮಣ್ಣ ಮೂರು ಸಲ ಏನಾಯಿತು ಅಂತ ಕೇಳಿ, ಸಾಕಾಗಿ ಮಲಗಲು ಹೋದರು.

ಪಟಪಟಿಯನ್ನು ಕೆಲಸದಿಂದ ತೆಗೆದರು. ನಮ್ಮ ಬೆಂಚಿನ ಮುಂದೆಯೇ. ಡಾಕ್ಟರು, “ಒಂದು ಮುಚ್ಚಳ ಮುಚ್ಚೋಕೆ ಬರಲ್ಲ ಅಂದ್ರೆ ನೀನೆಂಥ ನರ್ಸಮ್ಮಾ? ಎಷ್ಟು ಜನರ ಕಾಲಿನ ಜೊತೆ ಆಟ ಆಡಿದ್ದೀಯ ಗೊತ್ತಾ?” ಅಂದರು. ಅವಳು, “ನಾನು ಮುಚ್ತಾನೇ ಇದ್ದೆ ಸರ್, ಇವರನ್ನೇ ಕೇಳಿ” ಅಂತ ನಮ್ಮ ಕಡೆ ತಿರುಗಿದಳು. ಸೊಪ್ಪಿನವಳು ಬುಟ್ಟಿ ಸರಿ ಮಾಡಿಕೊಂಡಳು. ಟೈಲರ್ ಅಜ್ಜಿ ಕಿವಿ ಕೇಳಿಸದವರ ಹಾಗೆ ಕೂತರು. ನಾನು ಎದುರಿನ ಗೋಡೆಗೆ ಅಂಟಿಸಿದ ಚಿತ್ರ ನೋಡಿದೆ. ಮನುಷ್ಯನ ಕಾಲಿನ ನರಗಳ ಚಿತ್ರ. ಈಗಲೂ ಕಣ್ಣು ಮುಚ್ಚಿದರೆ ಆ ಒಂದೊಂದು ನರವೂ ಕಾಣುತ್ತದೆ. ಅವಳು ತನ್ನ ಟೀ ಲೋಟ, ಚಪ್ಪಲಿ, ಒಂದು ಸ್ವೆಟರು ಚೀಲಕ್ಕೆ ಹಾಕಿಕೊಂಡು ಹೊರಟಳು. ಬೆಂಚು ದಾಟುವಾಗ, “ಇಸ್ತ್ರಿ ಅಮ್ಮ, ಕಾಲು ಜೋಪಾನ” ಅಂದಳು. ಮೊದಲ ಸಲ ಅವಳ ದನಿ ಮೆಲ್ಲಗಿತ್ತು.

ಕಳ್ಳಿ ನಾನು ಪುಟ್ಟಿ. ಕೇಳು.

ದೀಪದ ದಿನ ಮಂದಿರಕ್ಕೆ ಹೋಗುವ ಮುಂಚೆ ಬಚ್ಚಲಿನಲ್ಲಿ ಕೂತು ಕಟ್ಟು ಬಿಚ್ಚುತ್ತಿದ್ದೆ. ಪ್ಯಾಡನ್ನು ಬೋಗುಣಿಯ ನೀರಿಗೆ ಅದ್ದಿ, ಹಿಂಡದೆ, ಎರಡು ಅಂಗೈ ನಡುವೆ ಒತ್ತುತ್ತಿದ್ದೆ. ನಯವಾದ ಬಟ್ಟೆಯ ಕಲೆಯನ್ನು ಹಾಗೇ ಬಿಡಿಸಬೇಕು, ತಿರುಚಿದರೆ ಎಳೆ ಹರಿಯುತ್ತದೆ. ನೀರು ಚೆಲ್ಲಿ, ಮತ್ತೆ ತುಂಬಿಸಿ, ಮತ್ತೆ ಒತ್ತಿ, ನೀರು ತಿಳಿಯಾಗುವವರೆಗೆ. ಆಮೇಲೆ ಹುಣ್ಣನ್ನೂ ತೊಳೆದು, ಬೆಳ್ಳಗಾದ ಪ್ಯಾಡನ್ನೇ ಮತ್ತೆ ಇಟ್ಟು, ಕರಿ ಬಟ್ಟೆ ಮೊದಲಿನಂತೆಯೇ ಸುತ್ತಿ ಹೋಗುತ್ತಿದ್ದೆ. ಮಧ್ಯಾಹ್ನ ಅಲ್ಲಿಂದ ನೇರ ಆಸ್ಪತ್ರೆ. ದೀಪದ ಹೊತ್ತಿಗೆ ಪ್ಯಾಡು ಇದ್ದರೆ ಸಾಕು, ಬಣ್ಣ ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿರುತ್ತದೆ ಅಂದುಕೊಂಡಿದ್ದೆ. ಇಲ್ಲ, ಅದೂ ಸುಳ್ಳು. ಏನೂ ಅಂದುಕೊಳ್ಳಲಿಲ್ಲ. ನೆಲದ ಮೇಲೆ ನೀಲಿ ಬೀಳಬಾರದು, ಅಷ್ಟೇ ಇದ್ದದ್ದು ತಲೆಯಲ್ಲಿ. ಬೆಂಚಿನಲ್ಲಿ ಎಲ್ಲರೂ ಹಾಸಿಗೆ ಹಾಳಾಯಿತು, ಕಾಲುಚೀಲ ಹಾಳಾಯಿತು ಅಂತ ಗೋಳಾಡಿದಾಗ, “ಬಣ್ಣ ಬಿಡಿಸೋದನ್ನ ನನ್ನ ಕೇಳಿ” ಅಂತ ದೊಡ್ಡಸ್ತಿಕೆಯಿಂದ ಹೇಳಿಕೊಟ್ಟೆ. ಹೆಂಗಸರೆಲ್ಲ ಹಾಗೇ ಮಾಡಿದರು. ಅಜ್ಜಿ ನನ್ನನ್ನು ಹರಸಿದರು.

ದೇವರ ಮುಂದೆ ಹೊಲಸು ಕಾಲಿನಲ್ಲಿ ಕೂರಬಾರದು ಅಂತ ಹೀಗೆ ಮಾಡಿದೆ ಎಂದು ಮೊದಲು ಬರೆದಿದ್ದೆ. ಆ ಹಾಳೆ ಹರಿದೆ. ದೇವರಿಗೆ ನನ್ನ ಹುಣ್ಣು ಹೊಸದೇ? ನಾನು ತೊಳೆದುಕೊಂಡದ್ದು ಮುಂದಿನ ಸಾಲಿನ ಹೆಂಗಸರಿಗಾಗಿ. ಒಬ್ಬಳು ನನ್ನ ಪಕ್ಕಕ್ಕೆ ಚಾಪೆ ಎಳೆದುಕೊಂಡು ಕೂತ ದಿನ ನನಗೆ ಆದ ಸಂತೋಷ ಪ್ರಾರ್ಥನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ನೀನು ಪೆಟ್ಟಿಗೆಯ ಬಗ್ಗೆ ಕೇಳಿ ಬರೆದಾಗಲೇ ನನಗೆ ಎಲ್ಲ ತಿಳಿಯಿತು. ತಿಳಿದೂ ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮುಚ್ಚಳ ತೆರೆದಿತ್ತು ನಿಜ. ಆಗ ಅವಳು ಕಿಟಕಿಯ ಪರದೆ ಎಳೆದು ನನಗೇ ಪ್ಯಾಡು ತೆಗೆದುಕೊಡುತ್ತಿದ್ದಳು. ಅಷ್ಟನ್ನು ಮಾತ್ರ ಬಿಟ್ಟೆ.

ನೀನು ಬರೆದುಕೊಟ್ಟದ್ದನ್ನು ತಿದ್ದು. ನನ್ನ ಹೆಸರು ಹಾಕು. ಅವಳ ಅನ್ನ ಅವಳಿಗೆ ವಾಪಸು ಸಿಗಲಿ.

ಅತ್ತಿಗೆ


ಜುಲೈ 15

ಅತ್ತಿಗೆ,

ನಿಮ್ಮ ಕಾಗದವನ್ನು ಓದಿ ಡ್ರಾಯರಿನಲ್ಲಿಟ್ಟೆ. ಮತ್ತೆ ತೆಗೆಯಲು ಧೈರ್ಯವಾಗಲಿಲ್ಲ.

ಬಿಚ್ಚಬಾರದು ಅಂತ ನಾನು ಬರೆದಿದ್ದೆ. ತಿಳಿಯದ್ದನ್ನು ಮತ್ತೊಮ್ಮೆ ಓದಬಹುದು ಅಂದಿದ್ದಿರಿ. ನೀವು ಒಬ್ಬರೇ ಮಾಡಿದ್ದರೆ ಹೋಗಲಿ, ಸಾಲಿಗೆ ಸಾಲನ್ನೇ ಹಾಳು ಮಾಡಿದಿರಲ್ಲ!

ಈಗ ಎಲ್ಲಿಯೂ ಬಾಯಿ ಬಿಡಬೇಡಿ. ಹೇಳಿದರೆ ಮೊದಲು ನೆಲಕ್ಕೆ ಬೀಳುವುದು ನನ್ನ ಪ್ಯಾಡು. ಬೋಗುಣಿ ನೀರಿಗೆ ಅಷ್ಟು ಸುಲಭವಾಗಿ ಬಣ್ಣ ಬಿಟ್ಟುಕೊಡುವ ಪ್ಯಾಡನ್ನು ಕೀವು ಸೋರುವ ಹುಣ್ಣಿಗೆ ಹೇಗೆ ಕಟ್ಟುತ್ತೀಯ ಅಂತ ಕೇಳುತ್ತಾರೆ. ‘ನಿಧಾನವಾಗಿ’ ಅಂತ ನಾನು ಎದೆ ತಟ್ಟಿ ಹೇಳಿಕೊಂಡು ಬಂದದ್ದೆಲ್ಲ ಅಲ್ಲಿಗೆ ಮುಗಿಯಿತು. ಆ ಸಿಸ್ಟರಿಗೆ ಬೇರೆ ಕಡೆ ಕೆಲಸ ಸಿಗುತ್ತದೆ. ನರ್ಸುಗಳಿಗೆ ಎಲ್ಲಿ ಹೋದರೂ ಕೆಲಸವಿದೆ. ನನಗೆ ಇರುವುದು ಇದೊಂದೇ.

ಇಷ್ಟು ಬರೆದು ನಿಲ್ಲಿಸಿದ್ದೆ, ಇಷ್ಟನ್ನೇ ಅಂಚೆಗೆ ಹಾಕಬೇಕು ಅಂತಲೂ ಇದ್ದೆ.

ಬೆಳಕಿಗೆ ಬಣ್ಣ ಸತ್ತರೆ ಪ್ಯಾಡಿನ ಮೇಲ್ಮೈ ಬೆಳ್ಳಗಾಗುತ್ತದೆ, ಒಳಗೆ ನಡುವೆ ನೀಲಿ ಉಳಿಯುತ್ತದೆ. ನೀರಿಗೆ ಹೋದರೆ ಒಳಗೂ ಹೊರಗೂ ಒಂದೇ ಸಮ. ನಿಮ್ಮ ಆಸ್ಪತ್ರೆಯ ಒಂದು ಪ್ಯಾಡನ್ನು ನಾನು ಕತ್ತರಿಸಿ ನೋಡಿದ್ದೆ. ಒಂದೇ ಸಮ ಇತ್ತು. ಇನ್ನೊಂದನ್ನು ಕತ್ತರಿಸಲಿಲ್ಲ. ಪೆಟ್ಟಿಗೆ ಎಲ್ಲಿರುತ್ತದೆ ಅಂತ ನಿಮ್ಮನ್ನು ಕೇಳಿದ್ದು ಅದಾದ ಮೇಲೆ.

ನಿಮಗೆ ಇದನ್ನು ಯಾಕೆ ಹೇಳಿದೆನೋ. ನೀವು ಹೇಳಿದ್ದಿರಲ್ಲ, ಅದಕ್ಕೇ ಇರಬೇಕು.

ಪುಟ್ಟಿ


ಆಗಸ್ಟ್ 6

ಪುಟ್ಟಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೈದದ್ದಕ್ಕೆ ಬೇಸರವಿಲ್ಲ. ನೀನು ಬೈಯದೆ ಇದ್ದಿದ್ದರೆ ನಾನು ಹೆದರುತ್ತಿದ್ದೆ.

ಬಾಯಿ ಬಿಡಬೇಡಿ ಅಂತ ನೀನು ಬರೆದಿದ್ದೆ. ಬಿಟ್ಟೆ.

ದೀಪದ ದಿನ ಹೋದೆ. ಪಟಪಟಿಯ ಜಾಗದಲ್ಲಿ ಈಗ ಒಬ್ಬ ಕಾಂಪೌಂಡರ್ ಇದ್ದಾನೆ. ನಮ್ಮನ್ನು ನಂಬರಿನಿಂದ ಕರೆಯುತ್ತಾನೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ನನ್ನ ಸರದಿ ಬಂದಾಗ ಒಳಗೆ ಹೋಗದೆ ಡಾಕ್ಟರನ್ನು ಕರೆಯಿರಿ ಅಂದೆ. “ಏನಮ್ಮಾ, ಕಾಲು ನೋವಾ?” ಅಂತ ಅವರು ಬಾಗಿಲಿಗೆ ಬಂದರು. ಬೆಂಚಿನವರ ಮುಂದೆಯೇ ನಿಂತು ಹೇಳಿದೆ. ಅಂದುಕೊಂಡ ಹಾಗೆ ಹೇಳಲಾಗಲಿಲ್ಲ. ಬೋಗುಣಿ, ಮಂದಿರ, ನೀಲಿ ಹೆಜ್ಜೆ, ಎಲ್ಲ ಹಿಂದೆ ಮುಂದಾಯಿತು. ಅವರಿಗೆ ಮೊದಲು ತಿಳಿಯಲೇ ಇಲ್ಲ.

“ಅಂದ್ರೆ ಪ್ಯಾಡನ್ನ ತೊಳೆದುಬಿಟ್ರಾ?”

“ಹೌದು ಸಾರ್.”

“ಒಂದ್ಸಲವಾ?”

“ಪ್ರತಿ ಸಲವೂ.”

ಅವರು ಕನ್ನಡಕ ತೆಗೆದರು. “ಬೇರೆ ಯಾರ್ಯಾರು?”

ನನ್ನದು ಮಾತ್ರ ನನಗೆ ಗೊತ್ತು ಅಂದೆ. ಸೊಪ್ಪಿನವಳು ತಟ್ಟನೆ ಎದ್ದು, “ನನಗೇನ್ ಗೊತ್ತು ಸ್ವಾಮಿ, ಈಯಮ್ಮನೇ ಹೇಳಿಕೊಟ್ಟಿದ್ದು! ಬಣ್ಣ ಬಿಡ್ಸೋದ್ರಲ್ಲಿ ನನ್ನ ಮೀರಿಸೋರಿಲ್ಲ ಅಂತ ಕುಣೀತಾ ಇದ್ಳು” ಅಂತ ನನ್ನ ಮುಖಕ್ಕೆ ಬೆರಳು ಚಾಚಿದಳು. ಅವಳದ್ದು ಸುಳ್ಳಲ್ಲ. ಟೈಲರ್ ಅಜ್ಜಿ ಅಳುತ್ತ, “ಕಾಲುಚೀಲ ಒಂದೇ ಜೊತೆ ಇರೋದು ಕಣಪ್ಪಾ” ಅಂದರು. ಡಾಕ್ಟರು ಯಾರಿಗೂ ಬೈಯಲಿಲ್ಲ. ಇಷ್ಟು ತಿಂಗಳ ಕೆಲಸ ನೀರುಪಾಲಾಯಿತು ಅಂತ ಇಂಗ್ಲಿಷಿನಲ್ಲೂ ನಮ್ಮ ಮಾತಿನಲ್ಲೂ ತಮಗೆ ತಾವೇ ಹೇಳಿಕೊಂಡರು. ಕುರ್ಚಿ ಎಳೆದು ನನಗೆ ಕೂರಲು ಹೇಳಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಪರೀಕ್ಷೆಯಿಂದ ನನ್ನನ್ನು ತೆಗೆದಿದ್ದಾರೆ. ಇನ್ನು ಸಾದಾ ಪಟ್ಟಿ, ಮುಲಾಮು. ಅದು ಸರಿಯೇ.

ಸಿಸ್ಟರನ್ನು ವಾಪಸು ಕರೆಸಿ ಅಂತ ಕೇಳಿದೆ. ಅವರು, “ನಿಮ್ ಮಾತಿನ ಮೇಲೆ ಆಗಲ್ಲಮ್ಮಾ. ಬೆಳಕು ತಾಗಿದೆ ಅಂತ ಲ್ಯಾಬಿನವರು ಬರೆದುಕೊಟ್ಟಿದ್ದಾರೆ. ಅವರು ಅಲ್ಲ ಅಂತ ಬರೀಬೇಕು” ಅಂದರು. ನೀನು ನನ್ನ ನಾದಿನಿ ಅಂತ ಅವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ನೀನು ಕತ್ತರಿಸಿ ನೋಡಿದ ಪ್ಯಾಡಿನ ಮಾತು ನನ್ನ ಬಾಯಿಂದ ಯಾವತ್ತೂ ಬರುವುದಿಲ್ಲ. ಅದನ್ನು ಆಡಬೇಕಾದವಳು ನೀನು. ಆಡು ಅಂತ ಬಲವಂತ ಮಾಡುವ ಮುಖ ನನಗೆ ಎಲ್ಲಿದೆ?

ಒಂದು ಮಾತ್ರ ಬರೆಯುತ್ತೇನೆ, ಓದಿ ಬಿಡು. ಹೇಳುವ ಮೊದಲು ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಹೇಳಿದ ಮೇಲೆ ಹಗುರವಾಗುತ್ತದೆ ಅಂತಾರಲ್ಲ, ಹಾಗೇನೂ ಆಗಲಿಲ್ಲ. ನಾಚಿಕೆ ಇದ್ದಷ್ಟೇ ಇದೆ. ಆದರೆ ಮನೆಗೆ ಬಂದು ಅನ್ನಕ್ಕೆ ಕೈ ಹಾಕಿದೆ, ಒಳಗೆ ಇಳಿಯಿತು. ನಿಮ್ಮಣ್ಣನಿಗೂ ಎಲ್ಲ ಹೇಳಿದೆ. ಬಹಳ ಹೊತ್ತು ಉಳಿಯನ್ನು ಕಲ್ಲಿಗೆ ಮಸೆಯುತ್ತ ಕೂತರು. ಆಮೇಲೆ, “ನನಗ್ಯಾಕೆ ಮೊದಲೇ ಹೇಳ್ಲಿಲ್ಲ? ಮಂದಿರಕ್ಕೆ ಒಂದು ಮಣೆ ಮಾಡ್ಕೊಡ್ತಿದ್ದೆ, ಕಾಲು ನೆಲಕ್ಕೇ ತಾಗ್ತಿರ್ಲಿಲ್ಲ” ಅಂದರು. ಇಷ್ಟೇ ಪುಟ್ಟಿ. ಒಂದು ಮಣೆ. ಕೇಳುವುದಕ್ಕೂ ನನಗೆ ನಾಚಿಕೆಯಾಗಿತ್ತು.

ಪಟಪಟಿ ಇದ್ದ ಬಾಡಿಗೆ ಕೋಣೆಗೆ ಹೋದೆ. ಖಾಲಿಯಾಗಿತ್ತು. ಮನೆಯ ಯಜಮಾನಿ ಹೇಳಿದಳು, ಅವಳು ನಿಮ್ಮ ಊರಿನಲ್ಲೇ ಇರುವ ಅಕ್ಕನ ಮನೆಗೆ ಹೋಗಿದ್ದಾಳಂತೆ. ಎರಡು ಆಸ್ಪತ್ರೆಯವರು ಇಲ್ಲಿಯ ಸಂಗತಿ ಕೇಳಿ ಕೆಲಸ ಕೊಡಲಿಲ್ಲವಂತೆ. ಈಗ ಯಾವುದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಾಳಂತೆ. ಅಕ್ಕನ ಮನೆಯ ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿನ್ನ ಲ್ಯಾಬಿನಿಂದ ಬಸ್ಸಿನಲ್ಲಿ ಹೋದರೆ ದೂರವಿಲ್ಲ ಅಂತ ನಿಮ್ಮಣ್ಣ ಹೇಳಿದರು.

ಇದರ ಜೊತೆ ಇನ್ನೊಂದು ಲಕೋಟೆ ಇದೆ. ಅದು ಅವಳಿಗೆ. ಅಂಟಿಸಿಲ್ಲ, ಬೇಕಾದರೆ ಓದು. ಮುಚ್ಚಳ ತೆರೆದಿತ್ತು ಅಂತ ಬರೆದದ್ದು ನಾನು, ಪ್ಯಾಡು ತೊಳೆದದ್ದು ನಾನು, ಅವಳು ನಮ್ಮ ಕಡೆ ತಿರುಗಿದಾಗ ಗೋಡೆ ನೋಡಿದವಳೂ ನಾನು ಅಂತ ಬರೆದಿದ್ದೇನೆ. ಕ್ಷಮಿಸು ಅಂತ ಬರೆಯಲಿಲ್ಲ. ಅವಳಿಗೆ ಇರುವ ಕೆಲಸದ ಜೊತೆ ಅದೊಂದು ಕೆಲಸವನ್ನೂ ನಾನೇ ಹೊರಿಸುವುದೇ?

ಅದನ್ನು ಅಂಚೆಗೆ ಹಾಕಬೇಡ. ಬಿಡುವು ಮಾಡಿಕೊಂಡು ನೀನೇ ಹೋಗಿ ಕೈಯಾರೆ ಕೊಡು. ಬಾಗಿಲು ತೆಗೆದವಳು ನೀವು ಯಾರು ಅಂತ ಕೇಳುತ್ತಾಳೆ. ಏನು ಹೇಳಬೇಕು ಅನ್ನುವುದು ನಿನಗೆ ಬಿಟ್ಟದ್ದು. ಅವಳು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರು, ಕೂರು ಅಂದರೆ ಕೂರು. ಬರೆದುಕೊಟ್ಟರೆ ಬರೆದದ್ದು, ಬಾಯಲ್ಲಿ ಅಂದರೆ ಅಂದದ್ದು, ಬೈದರೆ ಬೈದದ್ದನ್ನೇ, ನಡುವೆ ನಿನ್ನದೊಂದು ಮಾತೂ ಸೇರಿಸದೆ, ಅವಳ ಉತ್ತರವನ್ನು ನನಗೆ ತಂದುಕೊಡು.

ನಿನ್ನ ಅತ್ತಿಗೆ